ವರದಿಯಲ್ಲೆಲ್ಲ ‘ಓಕೆ’, ಗ್ರಾಹಕರಿಂದ ಮಾಲು ವಾಪಸ್: ಹೊಸ ಮುಖ್ಯಸ್ಥರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಾನು ಬಾಗಲಕೋಟೆ ಕಡೆಯ ಮೆಕ್ಯಾನಿಕಲ್ ಎಂಜಿನಿಯರ್. ಹದಿಮೂರು ವರ್ಷ ದೊಡ್ಡ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದು, ನಾಲ್ಕು ತಿಂಗಳ ಹಿಂದೆ ಪುಣೆಯ ಭೋಸರಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಘಟಕಕ್ಕೆ ಪ್ಲಾಂಟ್ ಹೆಡ್ ಆಗಿ ಸೇರಿದ್ದೇನೆ. ಕಾಂಟ್ರ್ಯಾಕ್ಟ್ ಕಾಮಗಾರರೂ ಸೇರಿ 140 ಜನರಿದ್ದಾರೆ. ಬೋರ್ ರಿಜೆಕ್ಷನ್ (ಭಾಗದೊಳಗಿನ ರಂಧ್ರದ ಅಳತೆ ತಪ್ಪಿ ಪೀಸು ತಿರಸ್ಕೃತವಾಗುವುದು), ತಡವಾಗುವ ಡಿಸ್ಪ್ಯಾಚ್, ಮಿತಿಮೀರಿದ ಓವರ್‌ಟೈಮ್, ಪದೇ ಪದೇ ಕೆಡುವ ಎರಡು ಯಂತ್ರ, ಶುಕ್ರವಾರದ ಗೈರುಹಾಜರಿ, ಶಿಫ್ಟ್‌ಗಳ ನಡುವಿನ ಜಗಳ, ಗ್ರಾಹಕರ ದೂರು, ಹೀಗೆ ಏಳು ಸಮಸ್ಯೆಗಳ ಪಟ್ಟಿ ಮಾಡಿಕೊಂಡಿದ್ದೇನೆ. ಮೂರನೆಯ ವಾರದಲ್ಲೇ ಲೈನಿನ ನಡುವಿನ ಇಬ್ಬರು ಇನ್‌ಸ್ಪೆಕ್ಟರುಗಳನ್ನು ತೆಗೆದು ಆಪರೇಟರೇ ತಪಾಸಣೆ ಮಾಡಿಕೊಳ್ಳುವ ಪದ್ಧತಿ ತಂದೆ. ವಿರೋಧಿಸಿದ 22 ವರ್ಷ ಅನುಭವದ ಸೂಪರ್‌ವೈಜರನ್ನು ಸ್ಟೋರಿಗೆ ಹಾಕಿದೆ. ದಿನವೂ ಬೆಳಿಗ್ಗೆ 9ಕ್ಕೆ ವಾಟ್ಸ್ಯಾಪಿನಲ್ಲಿ ವರದಿ ಕಡ್ಡಾಯ ಮಾಡಿದೆ. ವರದಿಗಳೆಲ್ಲ ಓಕೆ ಇರುತ್ತವೆ, ಏನು ಹೇಳಿದರೂ ಮರಾಠಿಯಲ್ಲಿ ‘ಹೋ ಸಾಹೇಬ್’ (ಹೌದು ಸಾಹೇಬರೇ) ಎನ್ನುತ್ತಾರೆ, ತಿಂಗಳ ಕೊನೆಗೆ ಮಾತ್ರ ಮಾಲು ವಾಪಸ್ ಬರುತ್ತದೆ. ಮಾಲೀಕರು ಆರು ತಿಂಗಳಲ್ಲಿ ಫಲಿತಾಂಶ ಕೇಳಿದ್ದಾರೆ. ಏಳರಲ್ಲಿ ಯಾವುದನ್ನು ಮೊದಲು ಹಿಡಿಯಲಿ? ಆ ಸೂಪರ್‌ವೈಜರನ್ನು ಮರಳಿ ಕರೆಯಬೇಕೇ?

ಉತ್ತರ: ನಿಮ್ಮ ಪಟ್ಟಿಯಲ್ಲಿ ಏಳು ಸಮಸ್ಯೆಗಳಿವೆ, ಆದರೆ ಎಂಟನೆಯದೊಂದನ್ನು ನೀವು ಪಟ್ಟಿಗೆ ಸೇರಿಸದೆ ಪತ್ರದ ಮಧ್ಯೆ ಹೇಳಿಬಿಟ್ಟಿದ್ದೀರಿ. ವರದಿಗಳೆಲ್ಲ ಓಕೆ ಇದ್ದು ಮಾಲು ವಾಪಸಾಗುತ್ತಿದೆ ಎಂದರೆ, ಶಾಪ್‌ಫ್ಲೋರಿನಲ್ಲಿ ನಡೆಯುವುದಕ್ಕೂ ನಿಮ್ಮ ಮೇಜಿಗೆ ಬರುವುದಕ್ಕೂ ಸಂಬಂಧ ಕಡಿದುಹೋಗಿದೆ ಎಂದರ್ಥ. ನನ್ನ ಅಭಿಪ್ರಾಯದಲ್ಲಿ ನೀವು ಮೊದಲು ಹಿಡಿಯಬೇಕಾದದ್ದು ಇದನ್ನೇ. ಕೆಟ್ಟ ಸುದ್ದಿ ನಿಮ್ಮ ತನಕ ಬರುವ ದಾರಿ ತೆರೆಯುವವರೆಗೆ ಉಳಿದ ಏಳರ ಬಗ್ಗೆ ನಿಮಗಿರುವ ಮಾಹಿತಿಯನ್ನು ಅರ್ಧಂಬರ್ಧ ಎಂದೇ ತಿಳಿಯಬೇಕು, ಮತ್ತು ಅರ್ಧ ಮಾಹಿತಿಯ ಮೇಲೆ ಕೊಟ್ಟ ಪರಿಹಾರ ಹೊಸ ಸಮಸ್ಯೆಯನ್ನು ಹುಟ್ಟಿಸುವುದನ್ನು ನಾನು ನನ್ನ ಕೈಯಾರೆ ಮಾಡಿ ನೋಡಿದ್ದೇನೆ.

ಅದನ್ನೇ ಮೊದಲು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ, ನಿಮ್ಮ ವಯಸ್ಸಿನವನಾಗಿದ್ದಾಗ, ನಾನೂ ಭೋಸರಿಯ ಒಂದು ಘಟಕಕ್ಕೆ ವರ್ಕ್ಸ್ ಮ್ಯಾನೇಜರ್ ಆಗಿ ಬಂದೆ. ಪಿಂಪ್ರಿ, ಚಿಂಚ್‌ವಡ, ಭೋಸರಿಗಳಲ್ಲಿ ವಾರದ ರಜೆ ಗುರುವಾರ ಎಂಬುದು ನಿಮಗೂ ಗೊತ್ತು. ಒಂದು ಶುಕ್ರವಾರ ಬೆಳಿಗ್ಗೆ ಏಳೂಕಾಲಿಗೆ ಫ್ಲೋರಿಗೆ ಹೋದರೆ, ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಲೇತುಗಳೆಲ್ಲ ಪೀಸು ಹಾಕದೆ ಖಾಲಿ ತಿರುಗುತ್ತಿದ್ದವು, ಆಪರೇಟರುಗಳು ಪಕ್ಕದಲ್ಲಿ ನಿಂತು ಚಹಾ ಕುಡಿಯುತ್ತಿದ್ದರು. ಇಪ್ಪತ್ತು ನಿಮಿಷ ಹನ್ನೆರಡು ಯಂತ್ರ ಎಂದರೆ ನಾಲ್ಕು ಯಂತ್ರಗಂಟೆ ನಷ್ಟ ಎಂದು ಅಲ್ಲೇ ಲೆಕ್ಕ ಹಾಕಿ, ಅಂದಿನ ಮೀಟಿಂಗಿನಲ್ಲಿ ಗಟ್ಟಿ ದನಿಯಲ್ಲಿ ಅದನ್ನು ನಿಲ್ಲಿಸಿದೆ. ಮುಂದಿನ ತಿಂಗಳು ಬೋರ್ ರಿಜೆಕ್ಷನ್ ಏರತೊಡಗಿತು. ಟೂಲಿನ ಕತ್ತರಿಸುವ ತುದಿ (ಇನ್ಸರ್ಟ್) ಬದಲಿಸಿದೆ, ಕಾಸ್ಟಿಂಗ್ ಕೊಡುವವರ ಮೇಲೆ ಹರಿಹಾಯ್ದೆ, ಗೇಜುಗಳನ್ನು ಕ್ಯಾಲಿಬ್ರೇಶನ್‌ಗೆ ಕಳಿಸಿದೆ. ಇದರಲ್ಲೇ ಎರಡೂವರೆ ತಿಂಗಳು ಹೋಯಿತು.

ಕಾರಣ ಸರಳವಾಗಿತ್ತು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಮೀಟರಿಗೆ ಸುಮಾರು 12 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಭಾಗ) ಹಿಗ್ಗುತ್ತದೆ; ಅಂದರೆ ಟೂಲನ್ನು ಸರಿಸುವ 300 ಮಿ.ಮೀ. ಉದ್ದದ ಬಾಲ್ ಸ್ಕ್ರೂ ಹತ್ತು ಡಿಗ್ರಿ ಬಿಸಿಯಾಗುವಷ್ಟರಲ್ಲಿ 36 ಮೈಕ್ರಾನ್‌ನಷ್ಟು ಬೆಳೆಯುತ್ತದೆ. ನಮ್ಮದು 40 ಮಿ.ಮೀ. ಬೋರ್, ಎಚ್7 ಎಂಬ ಅಳತೆಯ ದರ್ಜೆಯಲ್ಲಿ ವ್ಯಾಸ ವ್ಯತ್ಯಾಸವಾಗಲು ಇರುವ ಒಟ್ಟು ಅವಕಾಶ 25 ಮೈಕ್ರಾನ್. ಲೇತಿನಲ್ಲಿ ಟೂಲ್ ಹತ್ತು ಮೈಕ್ರಾನ್ ಸರಿದರೆ ವ್ಯಾಸದಲ್ಲಿ ಅದು ಇಪ್ಪತ್ತಾಗುತ್ತದೆ. ಬುಧವಾರ ರಾತ್ರಿ ಬಿಸಿ ಯಂತ್ರಕ್ಕೆ ಹಾಕಿಟ್ಟ ಆಫ್‌ಸೆಟ್ (ಟೂಲಿನ ಸ್ಥಾನದ ಹೊಂದಾಣಿಕೆ), ಗುರುವಾರವಿಡೀ ನಿಂತು ತಣ್ಣಗಾದ ಯಂತ್ರಕ್ಕೆ ಶುಕ್ರವಾರ ಬೆಳಿಗ್ಗೆ ಹೊಂದುತ್ತಿರಲಿಲ್ಲ. ಪುಣೆಯ ಡಿಸೆಂಬರ್ ಚಳಿಯಲ್ಲಂತೂ ಕೇಳುವುದೇ ಬೇಡ. ಆ ಇಪ್ಪತ್ತು ನಿಮಿಷದ ಚಹಾ, ಯಂತ್ರ ಬಿಸಿ ಮಾಡುವ ಪದ್ಧತಿಯಾಗಿತ್ತು.

ನನ್ನನ್ನು ಇಂದಿಗೂ ಕಾಡುವುದು ಆಮೇಲೆ ಕಂಡದ್ದು. ಶಿಫ್ಟ್ ರಿಜಿಸ್ಟರ್ ತಿರುವಿ ಹಾಕಿದಾಗ, ಒಂದೊಂದು ಶುಕ್ರವಾರದ ಪುಟದಲ್ಲೂ ಯಂತ್ರ ಹೊಂದಿಸುವ ಹಿರಿಯ ಸೆಟ್ಟರ್ ಒಬ್ಬರು ಮರಾಠಿಯಲ್ಲಿ ‘ಮಶೀನ್ ಥಂಡ, ಪಹಿಲೇ ಪೀಸ್ ಬಾದ್’ ಎಂದು ಬರೆದಿದ್ದರು: ಯಂತ್ರ ತಣ್ಣಗಿದೆ, ಮೊದಲ ಪೀಸುಗಳು ಹಾಳು. ಪ್ರತಿ ಪುಟದ ಕೆಳಗೆ, ಅವರ ಸಾಲಿಗೆ ಎರಡು ಬೆರಳಿನಷ್ಟು ದೂರದಲ್ಲಿ, ನನ್ನ ಸಹಿಯಿತ್ತು. ಸೂಪರ್‌ವೈಜರಿಗೂ ವಿಷಯ ಗೊತ್ತಿತ್ತು. ಸಾಹೇಬರು ಮೀಟಿಂಗಿನಲ್ಲಿ ಅಷ್ಟು ಖಡಾಖಂಡಿತವಾಗಿ ಹೇಳಿದ ಮೇಲೆ ಅದನ್ನು ಮತ್ತೆ ಎತ್ತುವುದು ಅವರಿಗೆ ಸರಿ ಕಾಣಲಿಲ್ಲ, ಅಷ್ಟೆ.

ಅವರನ್ನು ಹೇಡಿ ಎನ್ನಲು ನಾನು ಸಿದ್ಧನಿಲ್ಲ. ಸಣ್ಣ ಮತ್ತು ಮಧ್ಯಮ ಘಟಕಗಳಲ್ಲಿ ಮುಖ್ಯಸ್ಥರು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಸೂಪರ್‌ವೈಜರ್ ಅಲ್ಲೇ ಇರುತ್ತಾರೆ. ನಿಮ್ಮ 22 ವರ್ಷದ ಸೂಪರ್‌ವೈಜರ್ ಎಷ್ಟು ಸಾಹೇಬರನ್ನು ನೋಡಿರಬೇಡ! ಒಬ್ಬರು ಹಳದಿ ಪಟ್ಟೆ ಬಳಿಸಿದರು, ಇನ್ನೊಬ್ಬರು ಬೋರ್ಡು ಹಾಕಿಸಿದರು, ಮತ್ತೊಬ್ಬರು ಎಲ್ಲರಿಗೂ ಟೋಪಿಯ ಬಣ್ಣ ಬದಲಿಸಿದರು. ವಿರೋಧಿಸಿದವರು ಸ್ಟೋರಿಗೆ ಹೋದರು, ‘ಹೋ ಸಾಹೇಬ್’ ಎಂದವರು ಲೈನಿನಲ್ಲಿ ಉಳಿದರು. ಇಂಥಲ್ಲಿ ಬುದ್ಧಿಯಿರುವವರು ಯಾವ ಪಾಠ ಕಲಿಯುತ್ತಾರೋ ನಿಮ್ಮ ಜನ ಅದನ್ನೇ ಕಲಿತಿದ್ದಾರೆ, ಮತ್ತು ನಾಲ್ಕು ತಿಂಗಳಲ್ಲಿ ಆ ಪಾಠದ ಕೊನೆಯ ಅಧ್ಯಾಯವನ್ನು ಕಲಿಸಿದವರು ನೀವು.

ಇನ್‌ಸ್ಪೆಕ್ಟರುಗಳನ್ನು ತೆಗೆದ ನಿಮ್ಮ ನಿರ್ಧಾರದ ಹಿಂದೆ ತರ್ಕವಿಲ್ಲ ಎಂದು ನಾನು ಹೇಳುವುದಿಲ್ಲ. ದೊಡ್ಡ ಕಂಪನಿಯಲ್ಲಿ ಆಪರೇಟರೇ ತಪಾಸಣೆ ಮಾಡಿಕೊಳ್ಳುವ ಪದ್ಧತಿ ಚೆನ್ನಾಗಿಯೇ ನಡೆಯುತ್ತದೆ, ಏಕೆಂದರೆ ಅಲ್ಲಿ ಪ್ರತಿ ಯಂತ್ರದ ಪಕ್ಕದಲ್ಲಿ ಬೋರಿನ ಅಳತೆ ನೋಡುವ ಏರ್ ಗೇಜ್ ಇರುತ್ತದೆ, ತಪ್ಪಾದ ಪೀಸು ಫಿಕ್ಸ್ಚರಿನಲ್ಲಿ ಕೂರದಂತೆ ವ್ಯವಸ್ಥೆ ಇರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಹತ್ತು ವರ್ಷ ಒಂದೇ ಕೆಲಸ ಮಾಡಿದ ಕಾಯಂ ಕಾಮಗಾರ ಇರುತ್ತಾನೆ. ನಿಮ್ಮಲ್ಲಿರುವವರಲ್ಲಿ ಎಷ್ಟು ಜನ ಏಳು ತಿಂಗಳಿಗಿಂತ ಹಳಬರು ಎಂದು ಎಣಿಸಿ ನೋಡಿದ್ದೀರಾ? ವರ್ಷದಲ್ಲಿ 240 ದಿನ ಕೆಲಸ ಪೂರೈಸಿದವರಿಗೆ ಕೈಗಾರಿಕಾ ಕಾನೂನಿನಲ್ಲಿ ನಿರಂತರ ಸೇವೆಯ ರಕ್ಷಣೆ ಹುಟ್ಟುತ್ತದೆಂಬ ಭಯಕ್ಕೆ, ಅದಕ್ಕೂ ಮೊದಲೇ ಕಾಂಟ್ರ್ಯಾಕ್ಟ್ ಹುಡುಗರನ್ನು ಬದಲಿಸುವ ರೂಢಿ ನಮ್ಮ ಭಾಗದ ಅನೇಕ ಘಟಕಗಳಲ್ಲಿ ಬೇರೂರಿದೆ. ಆ ರೂಢಿಯ ಸರಿತಪ್ಪು ಬೇರೆಯೇ ಚರ್ಚೆ. ನಿಮ್ಮ ಮಟ್ಟಿಗೆ ಅದರ ಅರ್ಥ ಇಷ್ಟೇ: ಗೇಜ್ ಹಿಡಿಯುವುದು ಕೈಗೆ ಕೂರುವಷ್ಟರಲ್ಲಿ ಹುಡುಗ ಗೇಟಿನಾಚೆ ಇರುತ್ತಾನೆ. ಆ ಇಬ್ಬರು ಇನ್‌ಸ್ಪೆಕ್ಟರುಗಳು ಈ ಕೊರತೆಗೆ ಹಾಕಿದ ತೇಪೆಯಾಗಿದ್ದರು. ತೇಪೆ ಚೆಂದ ಕಾಣುವುದಿಲ್ಲ ನಿಜ, ಆದರೆ ಕೆಳಗಿನ ತೂತನ್ನು ನೋಡದೆ ಅದನ್ನು ಕೀಳಬಾರದಿತ್ತು.

ವಾಹನ ಉದ್ಯಮದಲ್ಲಿ ಇರುವವರು ಫೋರ್ಡ್ ಕಂಪನಿಯ ಒಂದು ಪ್ರಸಂಗವನ್ನು ಕೇಳಿರಬಹುದು. 2006ರ ಸೆಪ್ಟೆಂಬರಿನಲ್ಲಿ ಬೋಯಿಂಗ್‌ನಿಂದ ಬಂದು ಫೋರ್ಡಿನ ಮುಖ್ಯಸ್ಥರಾದ ಅಲನ್ ಮುಲಾಲಿ, ಪ್ರತಿ ಗುರುವಾರ ಹಿರಿಯ ಅಧಿಕಾರಿಗಳ ಸಭೆ ಕರೆದು, ಒಬ್ಬೊಬ್ಬರೂ ತಮ್ಮ ಕೆಲಸವನ್ನು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ತೋರಿಸಬೇಕೆಂದು ಹೇಳಿದರು. ವಾರಗಟ್ಟಲೆ ಎಲ್ಲವೂ ಹಸಿರು. ಆ ವರ್ಷ ಕಂಪನಿಗೆ ಆದ ನಷ್ಟ 12 ಬಿಲಿಯನ್ ಡಾಲರಿಗೂ ಹೆಚ್ಚು. ಇಷ್ಟು ನಷ್ಟದಲ್ಲಿರುವ ಕಂಪನಿಯಲ್ಲಿ ತೊಂದರೆಯೇ ಇಲ್ಲವೇ ಎಂದು ಅವರು ಕೇಳಿದ ಮೇಲೆ, ಮಾರ್ಕ್ ಫೀಲ್ಡ್ಸ್ ಎಂಬ ಅಧಿಕಾರಿ, ಎಡ್ಜ್ ಎಂಬ ಹೊಸ ಕಾರಿನ ಹಿಂಬಾಗಿಲಿನ ತೊಂದರೆಯಿಂದಾಗಿ ಬಿಡುಗಡೆ ತಡೆಹಿಡಿದಿರುವುದನ್ನು ಕೆಂಪು ಬಣ್ಣದಲ್ಲಿ ತೋರಿಸಿದರು. ಇವರ ಕೆಲಸ ಹೋಯಿತು ಎಂದು ಉಳಿದವರು ಭಾವಿಸಿರುವಾಗ ಮುಲಾಲಿ ಚಪ್ಪಾಳೆ ತಟ್ಟಿ, ಇವರಿಗೆ ಯಾರು ನೆರವಾಗಬಲ್ಲಿರಿ ಎಂದು ಕೇಳಿದರು. ಮುಂದಿನ ವಾರಗಳಲ್ಲಿ ಉಳಿದವರ ಹಾಳೆಗಳಿಗೂ ಬಣ್ಣ ಬಂದಿತು.

ಈ ಕಥೆಯನ್ನು ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಚಪ್ಪಾಳೆಗಾಗಿ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಚಪ್ಪಾಳೆಯ ನಂತರದ ಪ್ರಶ್ನೆ. ಕೆಟ್ಟ ಸುದ್ದಿ ತಂದವನಿಗೆ ಶಾಬಾಸ್ ಎಂದಷ್ಟೇ ಹೇಳಿ ಸಮಸ್ಯೆಯನ್ನು ಅವನ ತಲೆಗೇ ಕಟ್ಟಿ ಕಳಿಸಿದರೆ, ಮುಂದಿನ ಬಾರಿ ಅವನು ಶಾಬಾಸ್‌ಗಿರಿಯೂ ಬೇಡ, ಕೆಲಸವೂ ಬೇಡ ಎಂದು ಸುಮ್ಮನಿರುತ್ತಾನೆ. ಹೇಳಿದ್ದರಿಂದ ತನ್ನ ಹೊರೆ ಕಡಿಮೆಯಾಯಿತು ಎಂದು ಅವನಿಗೆ ಅನುಭವಕ್ಕೆ ಬರಬೇಕು. ಆದ್ದರಿಂದ ನಿಮ್ಮ 9 ಗಂಟೆಯ ವಾಟ್ಸ್ಯಾಪ್ ವರದಿಯನ್ನು ನಾಳೆಯಿಂದಲೇ ನಿಲ್ಲಿಸಿ. ಅದರ ಬದಲು ಮೊದಲ ಶಿಫ್ಟ್ ಆರಂಭವಾಗಿ ಅರ್ಧ ಗಂಟೆಗೆ, ರಿಜೆಕ್ಷನ್ ಪೀಸುಗಳ ಕೆಂಪು ಡಬ್ಬದ ಮುಂದೆ ಹತ್ತು ನಿಮಿಷ ನಿಂತುಕೊಳ್ಳಿ. ನಿನ್ನೆಯ ಕೆಟ್ಟ ಪೀಸನ್ನು ಕೈಗೆತ್ತಿಕೊಂಡು, ಇದನ್ನು ಯಾರು ಮಾಡಿದರು ಎಂದು ಕೇಳದೆ, ಯಾವ ಯಂತ್ರ, ಯಾವ ಹೊತ್ತು, ಎಷ್ಟನೆಯ ಪೀಸು ಎಂದು ಕೇಳಿ. ಬಂದ ಉತ್ತರಗಳಲ್ಲಿ ನಿಮ್ಮ ಕೈಯಲ್ಲಿ ಆಗುವಂಥ ಒಂದನ್ನು, ಒಂದು ಗೇಜ್, ಒಂದು ಲೈಟು, ಕೂಲೆಂಟಿನ ಪಂಪು, ಏನಾದರೂ ಸರಿ, ಅದೇ ವಾರದೊಳಗೆ ಮಾಡಿಕೊಡಿ. ಮೊದಲ ಎರಡು ವಾರ ಯಾರೂ ಬಾಯಿ ಬಿಡುವುದಿಲ್ಲ. ಮೂರನೆಯ ವಾರ ಯಾರೋ ಒಬ್ಬ ಪರೀಕ್ಷಿಸಲೆಂದೇ ಸಣ್ಣದೊಂದು ತಪ್ಪನ್ನು ಹೇಳುತ್ತಾನೆ. ಆಗ ನಿಮ್ಮ ಮುಖ ಹೇಗಿರುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಇಲ್ಲಿ ನಮ್ಮವರಿಗೆ ಮಾತ್ರ ಇರುವ ಒಂದು ಅಪಾಯವನ್ನು ಹೇಳಲೇಬೇಕು. ವಿಜಯಪುರ, ಕಲಬುರಗಿ, ಬಾಗಲಕೋಟೆ ಕಡೆಯ ಕಾಮಗಾರರು ನಿಮ್ಮ ಫ್ಲೋರಿನಲ್ಲಿ ಖಂಡಿತ ಇರುತ್ತಾರೆ. ಸಾಹೇಬರು ನಮ್ಮ ಕಡೆಯವರು ಎಂದು ತಿಳಿದ ದಿನವೇ ಅವರಲ್ಲಿ ಒಬ್ಬಿಬ್ಬರು ಹತ್ತಿರ ಬಂದು, ಕನ್ನಡದಲ್ಲಿ, ‘ಸರ್, ಒಳಗಿನ ಮಾತು ಏನೈತಿ ಅಂದ್ರ...’ ಎಂದು ಶುರು ಮಾಡುತ್ತಾರೆ. ಎಲ್ಲ ದಾರಿಯೂ ಮುಚ್ಚಿರುವಾಗ ಈ ಕಿರುದಾರಿ ದೇವರು ಕೊಟ್ಟದ್ದು ಎಂಬಂತೆ ಕಾಣುತ್ತದೆ. ಹಿಡಿಯಬೇಡಿ. ನಾನು ಹಿಡಿದಿದ್ದೆ. ಆರು ವಾರದಲ್ಲಿ ಅವರಿಬ್ಬರಿಗೆ ಊಟದ ಮೇಜಿನಲ್ಲಿ ಜಾಗ ಬಿಡುವವರಿಲ್ಲವಾದರು, ಮತ್ತು ಉಳಿದವರು ನನ್ನೆದುರು ಮರಾಠಿಯಲ್ಲಿ ಮಾತಾಡುವುದನ್ನೂ ಬಿಟ್ಟು ಹಿಂದಿಗೆ ಇಳಿದರು. ಊರಿನ ಸುದ್ದಿ, ಜಾತ್ರೆ, ಮಳೆ ಇವುಗಳನ್ನು ಧಾರಾಳವಾಗಿ ಕನ್ನಡದಲ್ಲೇ ಮಾತಾಡಿ. ಕೆಲಸದ ಮಾತು ಎಲ್ಲರ ಮುಂದೆ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿರಲಿ. ನಿಮ್ಮ ಮರಾಠಿ ತಪ್ಪುತಪ್ಪಾಗಿದ್ದರೆ ಇನ್ನೂ ಒಳ್ಳೆಯದು. ಸಾಹೇಬರನ್ನು ತಿದ್ದಿ ಅಭ್ಯಾಸವಾದವರಿಗೆ ಸಾಹೇಬರ ಪ್ರೋಸೆಸ್ ಶೀಟನ್ನು ತಿದ್ದುವುದು ಕಷ್ಟವಾಗುವುದಿಲ್ಲ. ರಿಜಿಸ್ಟರಿನ ಕೈಬರಹ ಓದುವಷ್ಟಂತೂ ಕಲಿಯಿರಿ.

ಇನ್ನು ನಿಮ್ಮ ಏಳರ ಪಟ್ಟಿ. ಅದನ್ನು ಮಹತ್ವದ ಪ್ರಕಾರ ಜೋಡಿಸಿದ್ದೀರಿ. ನಾನಾದರೆ ಬೇರೆ ರೀತಿಯಲ್ಲಿ ಬೇರ್ಪಡಿಸುತ್ತೇನೆ, ಮತ್ತು ಅದಕ್ಕೆ ನಮ್ಮ ಕರಾವಳಿಯವರೆಲ್ಲ ಬಲ್ಲ ಕೊಂಕಣ ರೈಲ್ವೆಯ ಉದಾಹರಣೆ ಕೊಡುತ್ತೇನೆ. 1990ರಲ್ಲಿ ಇ. ಶ್ರೀಧರನ್ ಆ ನಿಗಮದ ಮುಖ್ಯಸ್ಥರಾದಾಗ ಎದುರಿಗಿದ್ದದ್ದು ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ. ಮಾರ್ಗ, 90ಕ್ಕೂ ಹೆಚ್ಚು ಸುರಂಗ, ಸುಮಾರು 2,000 ಸೇತುವೆ. ಅವರು ಇಡೀ ಮಾರ್ಗವನ್ನು ಮಹಾಡ್‌ನಿಂದ ಉಡುಪಿಯವರೆಗೆ ಏಳು ವಿಭಾಗಗಳಾಗಿ ಒಡೆದು, ಒಂದೊಂದಕ್ಕೂ ಒಬ್ಬ ಚೀಫ್ ಎಂಜಿನಿಯರನ್ನು ಇಟ್ಟರು. ಗಟ್ಟಿ ಬಂಡೆಯ ಸುರಂಗಗಳಿಗೆ ಸ್ವೀಡನ್ನಿನ ಯಂತ್ರಗಳು ಬಂದವು. ಅದು ದೊಡ್ಡ ಕೆಲಸವೇ, ಆದರೆ ಉತ್ತರ ಗೊತ್ತಿದ್ದ ಕೆಲಸ. ಮಣ್ಣು ಕುಸಿಯುವ ಒಂಬತ್ತು ಸುರಂಗಗಳಲ್ಲಿ ಯಂತ್ರ ನಡೆಯಲಿಲ್ಲ. ಕೈಯಿಂದ ಅಗೆಯುತ್ತ, ಕುಸಿದಾಗ ಮತ್ತೆ ಅಗೆಯುತ್ತ, ಸ್ಥಳದಲ್ಲಿದ್ದವರೇ ದಾರಿ ಕಂಡುಕೊಳ್ಳಬೇಕಾಯಿತು. ಗೋವಾದ ಪೆರ್ಣೆಮ್ ಸುರಂಗ ಅಂಥದ್ದು. ಅದೇ ಗೋವಾದಲ್ಲಿ ಮೂರನೆಯ ಬಗೆಯದೊಂದು ಎದ್ದಿತು: ಮಾರ್ಗವು ಖಜಾನ್ ಎಂಬ ತಗ್ಗಿನ ಕರಾವಳಿ ಗದ್ದೆಗಳ ಮೇಲೆ, ಹಳೆಯ ಊರುಗಳ ನಡುವೆ ಹೋಗುವುದು ಬೇಡ ಎಂದು ಜನ ಚಳವಳಿ ಹೂಡಿದರು, ವಿಷಯ ನ್ಯಾಯಾಲಯಕ್ಕೂ ಆಯೋಗಕ್ಕೂ ಹೋಯಿತು. ಅಲ್ಲಿ ಎಂಜಿನಿಯರಿಂಗ್ ಉತ್ತರ ಎಷ್ಟು ಸರಿಯಿದ್ದರೂ ಅದೊಂದೇ ಸಾಲುತ್ತಿರಲಿಲ್ಲ, ಏಕೆಂದರೆ ಕಳೆದುಕೊಳ್ಳುವವರು ಬೇರೆಯವರಾಗಿದ್ದರು. ಮುಂಬಯಿಯಿಂದ ಮಂಗಳೂರಿಗೆ ರೈಲು ಪೂರ್ತಿ ಓಡುವಷ್ಟರಲ್ಲಿ 1998ರ ಜನವರಿ ಬಂದಿತು.

ನಿಮ್ಮ ಪಟ್ಟಿಯನ್ನೂ ಹೀಗೆ ಮೂರಾಗಿ ಒಡೆಯಿರಿ. ಕೆಡುವ ಎರಡು ಯಂತ್ರಗಳು ಗಟ್ಟಿ ಬಂಡೆ. ದುರಸ್ತಿಯ ಎಂಜಿನಿಯರನ್ನು ಕರೆಸಿ, ಹಣ ಕೊಡಿ, ಮುಗಿಸಿ. ಅದರ ಮೇಲೆ ಮೀಟಿಂಗ್ ಮಾಡಿ ಜನರ ಹೊತ್ತು ಕಳೆಯಬೇಡಿ. ಬೋರ್ ರಿಜೆಕ್ಷನ್ ಮತ್ತು ಗ್ರಾಹಕರ ದೂರು ಕುಸಿಯುವ ಮಣ್ಣು. ಅವು ಎರಡೂ ಒಂದೇ, ಮತ್ತು ಉತ್ತರ ಇರುವುದು ಯಂತ್ರದ ಬಳಿ ನಿಂತವರಲ್ಲಿ. ಓವರ್‌ಟೈಮ್ ಮತ್ತು ಶಿಫ್ಟ್ ಜಗಳ ಮೂರನೆಯ ಬಗೆಯವು. ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಬರುತ್ತದೆ. ಅದರ ಮೇಲೆ ಸಾಲದ ಕಂತು ಕಟ್ಟುವವರು, ಮಕ್ಕಳ ಫೀಸು ತುಂಬುವವರು ನಿಮ್ಮಲ್ಲಿದ್ದಾರೆ. ಅದನ್ನು ಒಂದು ಆದೇಶದಿಂದ ಕಡಿತ ಮಾಡಿದರೆ ಯಂತ್ರಗಳು ನಿಧಾನವಾಗುತ್ತವೆ, ಏಕೆ ಎಂದು ನಿಮಗೆ ಯಾವ ವರದಿಯೂ ಹೇಳುವುದಿಲ್ಲ. ಈ ಎರಡನ್ನು ಆರು ತಿಂಗಳು ಮುಟ್ಟಬೇಡಿ. ಡಿಸ್ಪ್ಯಾಚ್ ತಡವಾಗುವುದು ಬಹುಪಾಲು ಕೆಟ್ಟ ಪೀಸನ್ನು ಮತ್ತೆ ಸರಿಮಾಡುವ ರಿವರ್ಕಿನಿಂದ. ಬೋರ್ ಸರಿಯಾದರೆ ಅದೂ ಅರ್ಧ ಸರಿಯಾಗುತ್ತದೆ. ಶುಕ್ರವಾರದ ಗೈರುಹಾಜರಿಗೆ ನೀವು ಶಿಸ್ತಿನ ಕ್ರಮ ಯೋಚಿಸಿರಬಹುದು. ಗುರುವಾರ ಊರಿಗೆ ಹೋದವರು ರಾತ್ರಿಯ ಬಸ್ಸಿಗೆ ಹತ್ತಿ ಮೊದಲ ಶಿಫ್ಟಿಗೆ ತಲುಪಲಾರರು. ಅವರನ್ನು ಶುಕ್ರವಾರ ಎರಡನೆಯ ಶಿಫ್ಟಿಗೆ ಹಾಕಿ ನೋಡಿ.

ಬೋರ್ ರಿಜೆಕ್ಷನ್‌ಗೆ ಕಾರಣ ಹುಡುಕುವಾಗ ‘ಐದು ಬಾರಿ ಏಕೆ’ ಎಂದು ಕೇಳುವ ಟೊಯೋಟಾ ಪದ್ಧತಿಯನ್ನು ನೀವು ಕ್ವಾಲಿಟಿಯವರಾದ್ದರಿಂದ ಖಂಡಿತ ಬಳಸುತ್ತೀರಿ. ಟೊಯೋಟಾದ ಎಂಜಿನಿಯರ್ ತಾಯಿಚಿ ಓನೊ ಅದನ್ನು ಕಲಿಸಿದ್ದು ಯಂತ್ರದ ಮುಂದೆ ನಿಂತು ಕೇಳಲಿಕ್ಕೆ. ನಮ್ಮಲ್ಲಿ ಅದನ್ನು ಎಸಿ ಕೋಣೆಯಲ್ಲಿ ಕುಳಿತು 8ಡಿ ಎಂಬ ದೋಷ ಪರಿಹಾರದ ವರದಿಯಲ್ಲಿ ತುಂಬುತ್ತಾರೆ, ಮೂರನೆಯ ‘ಏಕೆ’ಗೆ ಬರುವಷ್ಟರಲ್ಲಿ ಉತ್ತರ ಸಿದ್ಧವಾಗಿರುತ್ತದೆ: ‘ಮೂಲ ಕಾರಣ, ಆಪರೇಟರ್ ನಿರ್ಲಕ್ಷ್ಯ. ಕ್ರಮ, ತರಬೇತಿ ನೀಡಲಾಗಿದೆ.’ ಕಳೆದ ವರ್ಷದ ನಿಮ್ಮ ಫೈಲು ತೆಗೆದು ಈ ಎರಡು ವಾಕ್ಯಗಳು ಎಷ್ಟು ಬಾರಿ ಬಂದಿವೆ ಎಂದು ಎಣಿಸಿ. ಕಾರಣದ ಜಾಗದಲ್ಲಿ ಮನುಷ್ಯನ ಹೆಸರೋ ಹುದ್ದೆಯೋ ಇದ್ದರೆ ಆ ವರದಿ ಅರ್ಧಕ್ಕೇ ನಿಂತಿದೆ ಎಂದು ತಿಳಿದು ವಾಪಸ್ ಕಳಿಸಿ.

ಮಾಲೀಕರೊಂದಿಗೆ ನೀವು ಈ ವಾರವೇ ಮಾತಾಡಬೇಕು. ಆರು ತಿಂಗಳು ಸಾಲದು ಎಂದು ಹೇಳಬೇಡಿ. ಯಾವ ಶೇಠ್‌ಗೂ ಅದು ಕೇಳಿಸುವುದಿಲ್ಲ. ಮೊದಲ ಎರಡು ತಿಂಗಳು ರಿಜೆಕ್ಷನ್ ಅಂಕಿ ಏರುತ್ತದೆ ಎಂದು ಮುಂಚಿತವಾಗಿ, ಸಾಧ್ಯವಾದರೆ ಬರವಣಿಗೆಯಲ್ಲಿ, ಹೇಳಿಡಿ. ಇದುವರೆಗೆ ಮುಚ್ಚಿಟ್ಟದ್ದು ಎಣಿಕೆಗೆ ಬರತೊಡಗಿದಾಗ ಒಳಗಿನ ರಿಜೆಕ್ಷನ್ ಏರಿ ಗ್ರಾಹಕರಿಂದ ವಾಪಸಾಗುವ ಮಾಲು ಇಳಿಯಬೇಕು. ಈ ಎರಡು ಗೆರೆಗಳನ್ನು ಒಂದೇ ಹಾಳೆಯ ಮೇಲೆ ಬರೆದು ತೋರಿಸಿ. ಮೊದಲೇ ಹೇಳದಿದ್ದರೆ, ಅಂಕಿ ಏರಿದ ದಿನ ನೀವೂ ಹೆದರಿ ಸೂಪರ್‌ವೈಜರುಗಳ ಮೇಲೆ ಕೂಗುತ್ತೀರಿ, ಅಲ್ಲಿಗೆ ಮತ್ತೆ ಎಲ್ಲವೂ ಓಕೆ ಆಗುತ್ತದೆ.

ಕೊನೆಗೆ ಸ್ಟೋರಿನಲ್ಲಿರುವ ಸೂಪರ್‌ವೈಜರ್. ಅವರನ್ನು ಮರಳಿ ಕರೆಯಬೇಕು, ಆದರೆ ಆದೇಶ ಕಳಿಸಿ ಅಲ್ಲ. ಸ್ಟೋರಿಗೆ ನೀವೇ ಹೋಗಿ, ಇನ್‌ಸ್ಪೆಕ್ಟರುಗಳನ್ನು ತೆಗೆಯುವುದನ್ನು ವಿರೋಧಿಸಿ ಅವರು ಅಂದು ಕೊಟ್ಟ ಕಾರಣವನ್ನು ಮತ್ತೊಮ್ಮೆ ಹೇಳುವಂತೆ ಕೇಳಿ, ಈ ಸಲ ಬರೆದುಕೊಳ್ಳಿ. ಅವರು ಹೇಳಿದ್ದರಲ್ಲಿ ಎಲ್ಲವೂ ಸರಿಯಿರುತ್ತದೆ ಎಂದೇನಿಲ್ಲ. 22 ವರ್ಷದ ಅನುಭವದಲ್ಲಿ 22 ವರ್ಷದ ಹಟವೂ ಇರುತ್ತದೆ. ಆಮೇಲೆ ಮುಂಜಾನೆಯ ಸಭೆಯಲ್ಲಿ, ಇಬ್ಬರು ಇನ್‌ಸ್ಪೆಕ್ಟರುಗಳನ್ನು ಲೈನಿಗೆ ವಾಪಸ್ ತರುತ್ತಿದ್ದೇನೆ, ನಾನು ಅವಸರ ಮಾಡಿದೆ ಎಂದು ನಿಮ್ಮ ಬಾಯಿಂದಲೇ ಹೇಳಿ. ಕ್ಯಾಬಿನ್ನಿನಲ್ಲಿ ಹೇಳಿದರೆ ಅದು ಲೆಕ್ಕಕ್ಕಿಲ್ಲ, ಅವರನ್ನು ಸ್ಟೋರಿಗೆ ಹಾಕಿದ್ದು ಎಲ್ಲರೆದುರಿಗಲ್ಲವೇ? ಅವರು ಲೈನಿಗೆ ಬರಲು ಒಪ್ಪದಿರಲೂಬಹುದು. ಆ ವಯಸ್ಸಿನವರಿಗೆ ಸ್ಟೋರಿನ ಫ್ಯಾನಿನ ಕೆಳಗಿನ ಕುರ್ಚಿ ಅಷ್ಟೇನೂ ಕೆಟ್ಟದ್ದಲ್ಲ. ಹಾಗಿದ್ದರೆ ಒತ್ತಾಯ ಮಾಡಬೇಡಿ. ಬೆಳಗಿನ ಹತ್ತು ನಿಮಿಷ ಕೆಂಪು ಡಬ್ಬದ ಹತ್ತಿರ ಬಂದು ನಿಲ್ಲಲು ಮಾತ್ರ ಕೇಳಿಕೊಳ್ಳಿ, ಮತ್ತು ಮೊದಲ ಪೀಸನ್ನು ಅವರ ಕೈಗೆ ಕೊಡಿ.